ಕಣಿಯವಳ ಗಂಡ ಕಾಣೆಯಾದದ್ದು

ದನದ ಸಂತೆಗೆ ಹೋಗಿಬರುತ್ತೇನೆಂದು ಶನಿವಾರ ಹೊರಟ ಅಸಾನ್‌ಕುಲ್ ಮಂಗಳವಾರವಾದರೂ ಮನೆಗೆ ಬಂದಿರಲಿಲ್ಲ. ಕೋಚ್ಕೋರ್ ಊರಿನಲ್ಲಿ ಬೇರೆ ಯಾರ ಮನೆಯಲ್ಲಿ ಹೀಗಾಗಿದ್ದರೂ ಅವರು ಪೊಲೀಸ್ ಠಾಣೆಗಿಂತ ಮೊದಲು ಕಣಿ ಹೇಳುವ ಬುರ್ಮಾಕಾನಳ ಅಂಗಳಕ್ಕೆ ಓಡಿಬರುತ್ತಿದ್ದರು. ಆದರೆ ಬುರ್ಮಾಕಾನ್ ಅಸಾನ್‌ಕುಲನ ಹೆಂಡತಿ. ಅವಳಿಗೆ ಓಡಿಹೋಗಲು ಯಾವ ಅಂಗಳವೂ ಇರಲಿಲ್ಲ.

ಕಾಣೆಯಾದವರನ್ನು ಹುಡುಕಿಕೊಡುವುದರಲ್ಲಿ ಅವಳದು ದೊಡ್ಡ ಹೆಸರು. ಬಿಳಿ ಬಟ್ಟೆಯ ಮೇಲೆ ನಲವತ್ತೊಂದು ಕಾಳು ಚೆಲ್ಲಿ, ಗುಡ್ಡೆ ಗುಡ್ಡೆ ಮಾಡಿ, ಕಣ್ಣು ಅರೆಮುಚ್ಚಿ, "ಪಶ್ಚಿಮಕ್ಕಿದ್ದಾನೆ. ಹತ್ತಿರ ನೀರಿದೆ. ಪಕ್ಕದಲ್ಲಿ ಒಬ್ಬಳು ಹೆಂಗಸಿದ್ದಾಳೆ" ಎಂದು ಶುರುಮಾಡುತ್ತಿದ್ದಳು. ಆ ಸೀಮೆಯಲ್ಲಿ ಯಾವ ದಿಕ್ಕಿಗೆ ಹೋದರೂ ಒಂದು ಹಳ್ಳ ಸಿಗುತ್ತದೆ, ಹಳ್ಳದ ಹತ್ತಿರ ಒಬ್ಬಳಾದರೂ ಹೆಂಗಸು ಇದ್ದೇ ಇರುತ್ತಾಳೆ ಎಂಬುದು ಹೆಚ್ಚಿನವರಿಗೆ ಹೊಳೆಯುತ್ತಿರಲಿಲ್ಲ. ಹೊಳೆದವರೂ ಬರುತ್ತಿದ್ದರು.

ಉಳಿದದ್ದನ್ನು ನೋಡಿಕೊಳ್ಳುತ್ತಿದ್ದವನು ಅಸಾನ್‌ಕುಲ್. ಅಂಗಳದಲ್ಲಿ ನೀರು ಕಾಯಿಸುವ ಸಮೋವರ್ ಹೊತ್ತಿಸಿ, ಸರದಿ ಕಾಯುತ್ತ ಕುಳಿತವರಿಗೆ ಚಹಾ ಬಗ್ಗಿಸಿ ಕೊಡುವುದು ಅವನ ಕೆಲಸ. ಅವನ ಮುಖ ಹೇಗಿತ್ತೆಂದರೆ, ಅದನ್ನು ನೋಡಿದವರಿಗೆ ಬಾಯಿ ಕಟ್ಟಿಕೊಂಡಿರುವುದು ಸಾಧ್ಯವೇ ಇರಲಿಲ್ಲ. ಮಗ ಯಾರ ಮೇಲೆ ಮುನಿಸಿಕೊಂಡ, ಹೊರಡುವ ಹಿಂದಿನ ದಿನ ಯಾರಿಗೆ ಫೋನ್ ಮಾಡಿದ, ಎಲ್ಲ ಹೊರಗೆ ಬರುತ್ತಿತ್ತು. ಅಷ್ಟರಲ್ಲಿ ಬೇರೇನೋ ಕೆಲಸಕ್ಕೆ ಬಂದು ಕುಳಿತಿದ್ದ ಯಾರೋ, "ಅಯ್ಯೋ, ಅವನನ್ನ ಮೊನ್ನೆ ನರೀನಿನ ಬಸ್ ನಿಲ್ದಾಣದಲ್ಲಿ ನೋಡಿದ್ನಲ್ಲ" ಅನ್ನುತ್ತಿದ್ದರು. ಅಸಾನ್‌ಕುಲ್ ಒಳಗೆ ಚಹಾ ತಂದಿಟ್ಟು ಹೆಂಡತಿಯ ಕಿವಿಯಲ್ಲಿ ಎರಡು ಮಾತು ಉಸುರಿ ಹೋದರೆ ಕಾಳುಗಳು ಮಾತಾಡತೊಡಗುತ್ತಿದ್ದವು. ಬುರ್ಮಾಕಾನ್ ಇದನ್ನು ಮೋಸ ಅಂದುಕೊಂಡವಳಲ್ಲ. ಕಾಳಿಗೂ ಮೇವು ಬೇಡವೇ ಎಂಬುದು ಅವಳ ವಾದ.

ಮೊದಲ ಸುಳ್ಳು ಭಾನುವಾರ ಬೆಳಗ್ಗೆ ಬಾಯಿಂದ ಜಾರಿತು. ಪಕ್ಕದ ಮನೆಯ ಮುದುಕಿ ಸಾಲ್ಕಿನ್ ಬೇಲಿಯ ಮೇಲಿಂದ ಕತ್ತು ಚಾಚಿ ಕೇಳಿದ್ದಳು: "ಸಮೋವರಿಗೆ ಬೆಂಕಿ ಬಿದ್ದಿಲ್ಲ. ನಿನ್ನ ಗಂಡ ಎಲ್ಲೇ?"

"ಎಲ್ಲಿದ್ದಾನೆ ಅಂತ ನಂಗೆ ಗೊತ್ತು. ಎಲ್ಲಿದ್ದಾನೋ ಅಲ್ಲಿ ಚೆನ್ನಾಗಿದ್ದಾನೆ," ಎಂದುಬಿಟ್ಟಳು ಬುರ್ಮಾಕಾನ್. ಎಷ್ಟೋ ವರ್ಷ ಜನರಿಗೆ ಹೇಳಿ ಹೇಳಿ ಸವೆದ ಮಾತು, ತಾನಾಗಿಯೇ ಹೊರಬಂತು.

"ಕಾಳಿನಲ್ಲಿ ನೋಡಿದ್ಯಾ?"

"ಮತ್ತಿನ್ನೇನು, ದೂರದರ್ಶಕದಲ್ಲಿ ನೋಡ್ತಾರಾ?"

ಸಾಲ್ಕಿನ್ ಇದನ್ನು ಬೀದಿಗೆ ಹೇಳಿದಳು. ಬೀದಿ ಪೇಟೆಗೆ ಹೇಳಿತು. ವ್ಯಾನ್ ಓಡಿಸುವವರು ಕಣಿವೆಗೆಲ್ಲ ಸಾರಿದರು. ಬುರ್ಮಾಕಾನಳ ಗಂಡ ಎಲ್ಲೋ ಹೋಗಿದ್ದಾನಂತೆ, ಅವಳು ಕೂತಲ್ಲೇ ಅವನನ್ನು ನೋಡುತ್ತಿದ್ದಾಳಂತೆ. ಸೋಮವಾರ ಅಂಗಳದಲ್ಲಿ ಹಿಂದೆಂದೂ ಇಲ್ಲದಷ್ಟು ಜನ.

ಮಜವೆಂದರೆ, ಆ ದಿನ ಅವಳಿಗೆ ಒಂದೇ ಒಂದು ಕಣಿಯೂ ನೆಟ್ಟಗಾಗಲಿಲ್ಲ. ಚಹಾ ಕೊಡುವ ಕೆಲಸ ಸೊಸೆ ಕನಿಶಾಯ್ ಪಾಲಿಗೆ ಬಂದಿತ್ತು. ಕನಿಶಾಯ್ ಒಳ್ಳೆಯ ಹುಡುಗಿ, ಆದರೆ ಇತರರ ಮಾತು ಕೇಳಿಸಿಕೊಳ್ಳುವ ಬದಲು ತನ್ನ ಕಥೆಯನ್ನೇ ಹೇಳಿ ಮುಗಿಸುತ್ತಿದ್ದಳು. ಚಹಾ ಒಳಗೆ ಬರುತ್ತಿತ್ತು, ಸುದ್ದಿ ಬರುತ್ತಿರಲಿಲ್ಲ. ಒಬ್ಬ ಮುದುಕ ಬಂದು ತನ್ನ ಅಳಿಯ ಎಲ್ಲಿದ್ದಾನೆ ಎಂದು ಕೇಳಿದ. ಬುರ್ಮಾಕಾನ್ ಕಾಳು ಚೆಲ್ಲಿ, "ಪಶ್ಚಿಮಕ್ಕಿದ್ದಾನೆ. ಬರೋಕೆ ತಡವಾಗತ್ತೆ. ದುಃಖ ಪಡಬೇಡಿ" ಎಂದಳು. ಬಾಗಿಲಲ್ಲಿ ಒಬ್ಬ ದಪ್ಪನೆಯ ಗಂಡಸು ಕಾಣಿಸಿಕೊಂಡು, "ಮಾವ, ಕಾರು ನಿಲ್ಲಿಸೋಕೆ ಜಾಗ ಸಿಕ್ತು" ಎಂದ. ಮುದುಕ ಕೇಳಿದ್ದು ಇನ್ನೊಬ್ಬ ಅಳಿಯನ ಬಗ್ಗೆಯಂತೆ. ಪುಣ್ಯಕ್ಕೆ ಅವನು ಅದನ್ನು ಅವಳ ತಪ್ಪೆಂದು ತಿಳಿಯದೆ, ತಾನೇ ಸರಿಯಾಗಿ ಕೇಳಲಿಲ್ಲ ಎಂದು ಕ್ಷಮೆ ಕೇಳಿಕೊಂಡು ಹೋದ.

ಮಂಗಳವಾರ ಮಧ್ಯಾಹ್ನ ಕನಿಶಾಯ್ ಒಳಗೆ ಬಂದು ಬಾಗಿಲು ಹಾಕಿಕೊಂಡಳು. ಅವಳ ಕೈಯಲ್ಲಿ ಮಾವನ ಫೋನು ಮತ್ತು ರಕ್ತದೊತ್ತಡದ ಮಾತ್ರೆಯ ಡಬ್ಬಿ. ಎರಡನ್ನೂ ಅವನು ಕಿಟಕಿಯ ಕಟ್ಟೆಯ ಮೇಲೆ ಬಿಟ್ಟು ಹೋಗಿದ್ದ.

"ಅತ್ತೆ, ನಿಜ ಹೇಳಿ. ಮಾವ ಎಲ್ಲಿದ್ದಾರೆ ಅಂತ ನಿಮಗೆ ಗೊತ್ತಾ?"

"ಗೊತ್ತಿದ್ರೆ ಹೋಗಿ ಕಿವಿ ಹಿಂಡಿ ಕರ್ಕೊಂಡು ಬರ್ತಿರ್ಲಿಲ್ವೇನೇ?"

"ಹಾಗಾದ್ರೆ ಠಾಣೆಗೆ ಹೋಗೋಣ."

"ಠಾಣೆಯ ಸಾಹೇಬ ತನ್ನ ಹೆಂಡತಿಯ ತಮ್ಮ ಕಾಣೆಯಾದಾಗ ಎಲ್ಲಿಗೆ ಬಂದಿದ್ದ? ನನ್ನ ಹತ್ರ. ಈಗ ನಾನು ಅವನ ಹತ್ರ ಹೋದ್ರೆ, ಅವನು ಮುಂದೆ ಯಾರ ಹತ್ರ ಹೋಗ್ಬೇಕು?"

"ಮಾತ್ರೆ ತಗೊಳ್ದೆ ನಾಲ್ಕು ದಿನ ಆಯ್ತು, ಅತ್ತೆ."

ಬುರ್ಮಾಕಾನ್ ಡಬ್ಬಿಯನ್ನು ಅವಳ ಕೈಯಿಂದ ತೆಗೆದುಕೊಂಡಳು. ಸೊಸೆ ಹೋದ ಮೇಲೆ ಬಟ್ಟೆ ಹಾಸಿ ತನಗಾಗಿಯೇ ಕಾಳು ಚೆಲ್ಲಿದಳು. ಬಹಳ ಹೊತ್ತು ನೋಡಿದಳು. ಕಾಳುಗಳು ಕಾಳುಗಳಂತೆಯೇ ಬಿದ್ದಿದ್ದವು.

ಮರುದಿನ ಅವಳು ಮೂಗು ಬಾಯಿ ಮುಚ್ಚುವ ಮಾಸ್ಕು, ಕನಿಶಾಯ್‌ಳ ಕಪ್ಪು ಕನ್ನಡಕ, ತಲೆಗೆ ಯಾರದೋ ಹಳದಿ ವಸ್ತ್ರ ಕಟ್ಟಿಕೊಂಡು ಸರೋವರದ ದಡದ ಬಲಿಕ್ಚಿ ಪಟ್ಟಣಕ್ಕೆ ವ್ಯಾನ್ ಹತ್ತಿದಳು. ಅಲ್ಲಿ ತುರ್ದಕಾನ್ ಎಂಬ ಇನ್ನೊಬ್ಬ ಕಣಿಯವಳಿದ್ದಳು. ಬುರ್ಮಾಕಾನ್ ಅವಳ ಬಗ್ಗೆ ಆಡಿದ ಮಾತುಗಳನ್ನೆಲ್ಲ ಒಟ್ಟು ಸೇರಿಸಿದರೆ ಯಾವ ಕಿವಿಗೂ ಹಿತವಾಗುವಂತಿರಲಿಲ್ಲ. ತುರ್ದಕಾನಳೂ ಸಾಲ ಉಳಿಸಿಕೊಂಡವಳಲ್ಲ.

ತುರ್ದಕಾನ್ ಕಾಳು ಚೆಲ್ಲಿದಳು. ಹೊಗೆ ಹಾಕಿದಳು. ಕಣ್ಣು ಅರೆಮುಚ್ಚಿದಳು.

"ನಿನ್ನ ಗಂಡ ಪಶ್ಚಿಮಕ್ಕಿದ್ದಾನಮ್ಮ. ಹತ್ತಿರ ನೀರಿದೆ. ಪಕ್ಕದಲ್ಲಿ ಒಬ್ಬಳು ಹೆಂಗಸಿದ್ದಾಳೆ."

ಬುರ್ಮಾಕಾನ್ ತಾನೇ ನೂರಾರು ಸಲ ಹೇಳಿದ ಮಾತು ಅದು, ಅದರ ಹಿಂದೆ ಏನೂ ಇಲ್ಲ ಎಂದು ಲೋಕದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಅವಳು. ಆದರೂ ಕೇಳಿಬಿಟ್ಟಳು:

"ಎಂಥ ಹೆಂಗಸು?"

"ತಿಳಿಗಣ್ಣಿನವಳು."

"ವಯಸ್ಸೆಷ್ಟು?"

"ನಿನಗಿಂತ ಚಿಕ್ಕವಳು, ಬುರ್ಮಾಕಾನ್."

ಬುರ್ಮಾಕಾನ್ ಮಾಸ್ಕು ಕಳಚಿದಳು.

"ಯಾವಾಗ ಗೊತ್ತಾಯ್ತು?"

"ಬಂದು ಕೂತಾಗಲೇ. ಕಾಳು ಹಾಕೋ ಬಟ್ಟೆ ಸೊಟ್ಟಗಿದೆ ಅಂತ ಸರಿಮಾಡಿದ್ಯಲ್ಲ, ಗಿರಾಕಿಗಳು ಹಾಗೆ ಮಾಡಲ್ಲ." ತುರ್ದಕಾನ್ ಈಗ ಬಾಯಿತುಂಬ ನಗುತ್ತಿದ್ದಳು. "ಹೆದರ್ಬೇಡ, ಯಾರಿಗೂ ಹೇಳಲ್ಲ. ಹೋದ ವರ್ಷ ನಮ್ಮ ಕೆಂಪು ಹಸು ಕಳೆದಾಗ ನಾನೂ ನಮ್ಮ ನಾದಿನೀನ ನಿನ್ನ ಹತ್ರ ಕಳಿಸಿದ್ದೆ."

"ಕೆಂಪು ಹಸು. ಹೌದು. ನಾನೇನು ಹೇಳಿದ್ದೆ?"

"ಗುಡ್ಡದಾಚೆ ಹಾಯಾಗಿ ಮೇಯ್ತಾ ಇದೆ ಅಂದಿದ್ದೆ."

"ಸಿಕ್ತಾ?"

"ಸಿಕ್ತು. ಮಾಂಸದಂಗಡೀಲಿ."

ಇಬ್ಬರೂ ನಗತೊಡಗಿದರು. ನಗು ನಿಲ್ಲಿಸಲು ಹೋದಷ್ಟೂ ಜಾಸ್ತಿಯಾಯಿತು. ತುರ್ದಕಾನಳ ಕೈ ತಗುಲಿ ಕಾಳೆಲ್ಲ ನೆಲಕ್ಕೆ ಉರುಳಿದವು. ಇಬ್ಬರೂ ಮಂಚದ ಕೆಳಗೆ ತಲೆ ಹಾಕಿ ಅವನ್ನು ಆರಿಸುತ್ತಿರುವಾಗ ಬುರ್ಮಾಕಾನಳ ನಗು ಯಾವಾಗಲೋ ಅಳುವಾಗಿತ್ತು.

"ಸತ್ತುಗಿತ್ತು ಹೋಗಿದ್ದಾನೇನೋ ಅನ್ನಿಸ್ತಿದೆ ಕಣೇ," ಎಂದಳು ಮಂಚದ ಕೆಳಗಿನಿಂದಲೇ.

"ಊರಲ್ಲಿ ವಿಚಾರಿಸಿದ್ಯಾ?"

"ಹೇಗೆ ವಿಚಾರಿಸಲಿ? ಗೊತ್ತು ಅಂತ ಹೇಳಿಬಿಟ್ಟಿದ್ದೀನಿ."

"ಹಾಗಾದ್ರೆ ಯಾರು ಬಂದು ಹೇಳ್ತಾರೆ?" ತುರ್ದಕಾನ್ ಒಂದು ಕಾಳನ್ನು ಊದಿ ಧೂಳು ಹಾರಿಸಿದಳು. "ಗೊತ್ತಿರೋ ಸುದ್ದಿಗೆ ಯಾರಾದ್ರೂ ಉಡುಗೊರೆ ಕೊಡ್ತಾರಾ?"

ಅವರ ಸೀಮೆಯಲ್ಲಿ ಒಳ್ಳೆಯ ಸುದ್ದಿಯನ್ನು ಮೊದಲು ತಂದವನು "ಸುಯುಂಚು" ಎಂದು ಕೂಗಿ ಕೈ ಚಾಚುತ್ತಾನೆ. ಸುದ್ದಿ ಕೇಳುವವರು ಕೈಗೆ ಸಿಕ್ಕದ್ದನ್ನು ಕೊಡಲೇಬೇಕು. ಮಗು ಹುಟ್ಟಿದ್ದಕ್ಕೆ, ಸೇನೆಯಿಂದ ಹುಡುಗ ಮರಳಿದ್ದಕ್ಕೆ, ಕಳೆದ ಕುದುರೆ ಸಿಕ್ಕಿದ್ದಕ್ಕೆ ಜನ ಬಿದ್ದೆದ್ದು ಓಡುವುದು ಇದಕ್ಕೇ. ಎರಡನೆಯವನಾಗಿ ಬಂದವನಿಗೆ ಚಹಾ ಮಾತ್ರ. ಮನೆಯವರಿಗೆ ಆಗಲೇ ಗೊತ್ತಿರುವ ಸುದ್ದಿಯನ್ನು ಹೊತ್ತು ಯಾರೂ ಬೀದಿ ಕೂಡ ದಾಟುವುದಿಲ್ಲ.

ವ್ಯಾನಿನಲ್ಲಿ ಮರಳುವಾಗ ಬುರ್ಮಾಕಾನ್ ಇದನ್ನೇ ಯೋಚಿಸಿದಳು. ಇಷ್ಟು ವರ್ಷ ಜನ ಅವಳ ಅಂಗಳಕ್ಕೆ ಬಂದು ನಮ್ಮವನು ಕಾಣುತ್ತಿಲ್ಲ ಎಂದು ಅತ್ತದ್ದರಿಂದ ಊರಿಗೆ ಸುದ್ದಿ ಹರಡುತ್ತಿತ್ತು. ಹರಡಿದ್ದರಿಂದ ಕಂಡವರು ಹೇಳುತ್ತಿದ್ದರು. ಈ ಸಲ ಅತ್ತವರು ಯಾರೂ ಇರಲಿಲ್ಲ. ಗಂಡ ಬೇಕೆಂದರೆ ಹೆಸರನ್ನು ಬಿಡಬೇಕು. ಹೆಸರು ಬಿಟ್ಟರೆ ನಾಳೆಯಿಂದ ಅಂಗಳ ಖಾಲಿ. ಅವಳು ಇಡೀ ದಾರಿ ಎರಡನ್ನೂ ತೂಗಿ ನೋಡಿದಳು. ಮನೆ ಬರುವ ಹೊತ್ತಿಗೆ ಸಿಟ್ಟು ಬಂದಿತ್ತು. ಗಂಡನ ಮೇಲೋ ಕಾಳಿನ ಮೇಲೋ ಎಂದು ಗೊತ್ತಾಗಲಿಲ್ಲ.

ಅಂಗಳದಲ್ಲಿ ಜನ ತುಂಬಿದ್ದರು. ಕನಿಶಾಯ್ ಯಾರಿಗೋ ತನ್ನ ಹೆರಿಗೆಯ ಕಥೆ ಹೇಳುತ್ತಿದ್ದಳು. ಬುರ್ಮಾಕಾನ್ ಮೆಟ್ಟಿಲ ಮೇಲೆ ನಿಂತು ಕನ್ನಡಕ ತೆಗೆದಳು.

"ಎಲ್ಲರೂ ಕೇಳಿ. ನನ್ನ ಗಂಡ ಎಲ್ಲಿದ್ದಾನೆ ಅಂತ ನಂಗೆ ಗೊತ್ತಿಲ್ಲ. ಶನಿವಾರದಿಂದ ಗೊತ್ತಿಲ್ಲ. ಗೊತ್ತು ಅಂದದ್ದು ಸುಳ್ಳು. ಕಾಳಲ್ಲಿ ಏನೂ ಕಾಣಿಸ್ಲಿಲ್ಲ."

ಬೇಲಿಯ ಹತ್ತಿರದಿಂದ ಒಂದು ಕೂಗು:

"ಸುಯುಂಚು!"

ಕೂಗಿದವನು ವ್ಯಾನ್ ಓಡಿಸುವ ಎರ್ಮೆಕ್. ಅವನ ಬಾಯಿ ಮುಚ್ಚುವ ಮೊದಲೇ ಸಾಲ್ಕಿನ್ ಮುದುಕಿ, "ಸುಯುಂಚು ನಂದು, ನನ್ನ ತಂಗಿಯ ಮಗ ಭಾನುವಾರವೇ ನೋಡಿದ್ದಾನೆ" ಎಂದು ಎದ್ದಳು. ಹಿಂದಿನಿಂದ ಇನ್ನೊಬ್ಬ, "ತಾಲ್ದಿಯಲ್ಲಿದ್ದಾನೆ, ನಾನು ನಿನ್ನೆ ಅವನ ಜೊತೆ ಕೂತು ಊಟ ಮಾಡಿದೀನಿ" ಎಂದುಬಿಟ್ಟ.

"ಥೂ, ಸುದ್ದಿ ಹೇಳಿಬಿಟ್ಯಲ್ಲೋ, ಮೊದಲು ಕೈ ಚಾಚ್ಬೇಕು ಕಣೋ," ಎಂದು ಎರ್ಮೆಕ್ ಹಣೆ ಚಚ್ಚಿಕೊಂಡ.

"ಬದುಕಿದ್ದಾನಾ?" ಎಂದಳು ಬುರ್ಮಾಕಾನ್.

"ಬದುಕಿರೋದೇನಕ್ಕ, ಎರಡು ಸುತ್ತು ದಪ್ಪ ಆಗಿದ್ದಾನೆ."

"ಹಾಳಾದವರೇ, ಇಷ್ಟು ಜನಕ್ಕೆ ಗೊತ್ತಿದ್ದೂ ಒಬ್ರೂ ಹೇಳ್ಲಿಲ್ವಲ್ರೋ."

"ನಿಂಗೆ ಗೊತ್ತು ಅಂದಿದ್ಯಲ್ಲ," ಎಂದಳು ಸಾಲ್ಕಿನ್, ನೊಂದವಳಂತೆ. "ನಿನಗಿಂತ ಹೆಚ್ಚು ಗೊತ್ತು ಅಂತ ನಾವು ಹೇಳೋಕಾಗತ್ತಾ?"

ಉಡುಗೊರೆ ಯಾರಿಗೆ ಎಂಬ ಜಗಳ ಅಂಗಳದಲ್ಲಿ ಮುಗಿಯಲಿಲ್ಲ, ಎರ್ಮೆಕ್‌ನ ವ್ಯಾನಿನೊಳಗೆ ಮುಂದುವರಿಯಿತು. ಹದಿನಾರು ಜನರ ವ್ಯಾನಿಗೆ ಎಷ್ಟು ಜನ ಹತ್ತಿದರೆಂದು ಯಾರೂ ಎಣಿಸುವ ಸ್ಥಿತಿಯಲ್ಲಿರಲಿಲ್ಲ. ಕಣಿ ಕೇಳಲು ಬಂದಿದ್ದವರೂ, ಇನ್ನೇನು ಕೆಲಸ ಎಂದು ಹತ್ತಿದರು. ಸಾಲ್ಕಿನ್ ಯಾರದೋ ತೊಡೆಯ ಮೇಲೆ ಕುಳಿತು, ಕಣಿ ಸುಳ್ಳೋ ನಿಜವೋ ಎಂದು ಕೇಳಿದ ಒಬ್ಬನಿಗೆ, "ಹಲ್ಲಿನ ಡಾಕ್ಟರು ತನ್ನ ಹಲ್ಲು ತಾನೇ ಕೀಳ್ತಾನಾ?" ಎಂದು ಗದರಿಸಿದಳು. ಬುರ್ಮಾಕಾನ್ ಮಾತ್ರೆಯ ಡಬ್ಬಿ ಹಿಡಿದು ಕಿಟಕಿಯ ಹೊರಗೆ ನೋಡುತ್ತಿದ್ದಳು. ಏನು ಕೇಳಿದರೂ, "ಮೊದಲು ಅವನು ಸಿಗ್ಲಿ" ಎನ್ನುತ್ತಿದ್ದಳು.

ತಾಲ್ದಿ ಗುಡ್ಡದ ಬುಡದ ಸಣ್ಣ ಹಳ್ಳಿ. ಅಸಾನ್‌ಕುಲನನ್ನು ಹುಡುಕುವುದೇನೂ ಕಷ್ಟವಾಗಲಿಲ್ಲ. ಒಂದು ಮನೆಯ ಮುಂದೆ ಹೊರಬಾಗಿಲವರೆಗೂ ಚಪ್ಪಲಿ, ಬೂಟುಗಳ ರಾಶಿ. ಒಳಗೆ ಉದ್ದಕ್ಕೆ ಹಾಸಿದ ಊಟದ ಬಟ್ಟೆ, ಅದರ ತುದಿಯಲ್ಲಿ, ಬಾಗಿಲಿಗೆ ಎದುರಾಗಿ, ಹಿರಿಯ ಅತಿಥಿಯ ಜಾಗದಲ್ಲಿ ಅಸಾನ್‌ಕುಲ್ ಕುಳಿತಿದ್ದ. ತಲೆಯ ಮೇಲೆ ಹೊಸ ಬಿಳಿ ಉಣ್ಣೆಯ ಟೊಪ್ಪಿ, ಮುಂದೆ ತಟ್ಟೆಯಲ್ಲಿ ಬೇಯಿಸಿದ ಕುರಿಯ ತಲೆ. ಅದರ ಪಕ್ಕದಲ್ಲಿ ಒಂದು ಕರವಸ್ತ್ರ, ಅದರ ಮೇಲೆ ಏಪ್ರಿಕಾಟ್ ಬೀಜಗಳು. ಜನ ಒಬ್ಬರ ಹಿಂದೆ ಒಬ್ಬರು ಸಾಲಾಗಿ ಕುಳಿತಿದ್ದರು.

ಆದದ್ದು ಇಷ್ಟು. ಶನಿವಾರ ಸಂತೆಯಲ್ಲಿ ತಾಲ್ದಿಯ ನಾಲ್ವರು ಅವನನ್ನು ಹಿಡಿದಿದ್ದರು. ಅವರ ತಾಯಿ ಕಾಣೆಯಾಗಿದ್ದಳು. ಅವರು ಬುರ್ಮಾಕಾನಳ ಬಳಿಗೇ ಹೊರಟಿದ್ದರು. ಮೊದಲು ನಮ್ಮ ಮನೆಯಲ್ಲಿ ಒಂದು ತುತ್ತು ತಿನ್ನಿ, ಆಮೇಲೆ ಒಟ್ಟಿಗೆ ಹೋಗೋಣ ಎಂದು ಕಾರಿಗೆ ಹತ್ತಿಸಿಕೊಂಡರು. ಮನೆಯಲ್ಲಿ ಅಳುತ್ತಿದ್ದ ನೆಂಟರ ನಡುವೆ ಕುಳಿತು ಅವನು ಎಂದಿನಂತೆ ಕೇಳಿಸಿಕೊಂಡ. ಕೊನೆಗೆ ಒಂದೇ ಪ್ರಶ್ನೆ ಕೇಳಿದ: ಮಕ್ಕಳಲ್ಲಿ ಹುಡುಕೋಕೆ ಬರದೇ ಇರೋರು ಯಾರು? ಕೊನೆಯ ಮಗಳು ಬಂದಿರಲಿಲ್ಲ. ಮನೆಯವರು ಅವಳ ಜೊತೆ ಮಾತು ಬಿಟ್ಟಿದ್ದರಿಂದ ಯಾರೂ ಅವಳನ್ನು ಕೇಳಿರಲಿಲ್ಲ. ಹೋಗಿ ನೋಡಿದರೆ ಮುದುಕಿ ಅಲ್ಲೇ ಕುಳಿತು ನೂಡಲ್ಸ್ ತಿನ್ನುತ್ತಿದ್ದಳು, ಮಗಳ ಮುಖದಲ್ಲಿ ಗೆದ್ದ ಕಳೆ. ಆ ಮನೆಯವರು ಕುರಿ ಕಡಿದರು. ಪಕ್ಕದ ಮನೆಯವರು, ನಾವೇನು ಕಡಿಮೆ ಎಂದು ಮರುದಿನ ಕಡಿದರು. ಕಡಿದ ಕುರಿಯನ್ನು ತಿನ್ನದೆ ಎದ್ದು ಹೋಗುವ ಅತಿಥಿ ಆ ಕಣಿವೆಯಲ್ಲಿ ಇನ್ನೂ ಹುಟ್ಟಿಲ್ಲ. ಅಷ್ಟರಲ್ಲಿ ತಮ್ಮ ತಮ್ಮ ಕಳೆದದ್ದನ್ನು ಕೇಳಲು ಊರೇ ಬಂದು ಕೂತಿತ್ತು; ಕಾಳಿಲ್ಲದೆ ಹೇಳಿದರೆ ನಂಬುವುದು ಹೇಗೆ ಎಂದು ಏಪ್ರಿಕಾಟ್ ಬೀಜಗಳನ್ನೂ ಅವರೇ ತಂದು ಹರವಿದ್ದರು.

ಬುರ್ಮಾಕಾನ್ ಕೂಗಾಡಲಿಲ್ಲ. ಬೂಟು ಬಿಚ್ಚಿ, ಸಾಲಿನ ಕೊನೆಯಲ್ಲಿ ಕುಳಿತಳು. ಅವಳ ಹಿಂದೆ ವ್ಯಾನಿನವರೆಲ್ಲ ತುಟಿ ಕಚ್ಚಿಕೊಂಡು ಕುಳಿತರು. ಸಾಲು ಮುಂದೆ ಜರುಗಿತು. ಅಸಾನ್‌ಕುಲ್ ತಲೆ ಬಗ್ಗಿಸಿ ಬೀಜಗಳನ್ನು ಕೂಡಿಸುತ್ತಿದ್ದ.

"ಏನು ಕಳೆದಿದೆಯಮ್ಮ?"

"ಗಂಡ."

"ಯಾವತ್ತಿಂದ?"

"ಶನಿವಾರದಿಂದ."

"ಜಗಳ ಏನಾದ್ರೂ ಆಗಿತ್ತಾ?"

"ಇನ್ನೂ ಇಲ್ಲ. ಈಗ ಆಗತ್ತೆ."

ಅಸಾನ್‌ಕುಲ್ ತಲೆ ಎತ್ತಿದ. ಬಾಯಿ ತೆರೆಯಿತು, ಮುಚ್ಚಲಿಲ್ಲ. ವ್ಯಾನಿನವರ ತಾಳ್ಮೆ ಅಲ್ಲಿಗೆ ಮುಗಿಯಿತು. ಮನೆಯ ಮಾಡು ಹಾರುವ ಹಾಗೆ ನಕ್ಕರು. ಏನೆಂದು ತಿಳಿಯದ ತಾಲ್ದಿಯವರೂ ನಕ್ಕರು.

ಬುರ್ಮಾಕಾನ್ ಡಬ್ಬಿ ತೆರೆದು ಎರಡು ಮಾತ್ರೆ ಅವನ ಅಂಗೈಗೆ ಒತ್ತಿದಳು. "ನುಂಗು. ಒಂದು ಫೋನ್ ಮಾಡೋಕೆ ಏನಾಗಿತ್ತು ನಿಂಗೆ? ಈ ಊರಲ್ಲಿ ಯಾರ ಹತ್ರಾನೂ ಫೋನಿಲ್ವಾ?"

"ಮಾಡೋಣ ಅಂತಾನೇ ಇದ್ದೆ. ಭಾನುವಾರ ಎರ್ಮೆಕ್ ಬಂದು ಹೇಳಿದ. ನೀನು ಕಾಳಲ್ಲಿ ಎಲ್ಲ ನೋಡಿದೀಯ, ನಾನು ಇಲ್ಲಿ ಚೆನ್ನಾಗಿದೀನಿ ಅಂತ ನಿಂಗೆ ಗೊತ್ತು ಅಂತ. ಗೊತ್ತಿರೋಳಿಗೆ ಫೋನ್ ಯಾಕೆ ಮಾಡೋದು ಅಂದ್ಕೊಂಡೆ."

ಅವಳು ಅವನ ಕಿವಿಯ ಹತ್ತಿರ ಬಗ್ಗಿ, ಹಲ್ಲು ಕಚ್ಚಿ, ಇತರರಿಗೆ ಕೇಳದಂತೆ ಹೇಳಿದಳು: "ಇಷ್ಟು ವರ್ಷ ಒಳಗೆ ಸುದ್ದಿ ತಂದು ಕೊಟ್ಟವನು ನೀನು. ಲೋಕವೆಲ್ಲ ನಂಬಲಿ, ನೀನು ಹೇಗೆ ನಂಬಿದ್ಯೋ, ಪೆದ್ದ?"

ಅಸಾನ್‌ಕುಲ್ ನಿಜಕ್ಕೂ ಯೋಚಿಸಿದ.

"ನಾನಿಲ್ದೇ ಇದ್ದಾಗ ಅದು ತಾನಾಗೇ ಕೆಲಸ ಮಾಡೋಕೆ ಶುರುಮಾಡಿತೇನೋ ಅಂತ," ಎಂದ.

ಬುರ್ಮಾಕಾನ್ ಅವನ ಹೊಸ ಟೊಪ್ಪಿ ಕಿತ್ತು ಅವನ ತಲೆಗೇ ಬಾರಿಸಿದಳು. ಒಂದು ಸಲ ಸಿಟ್ಟಿನಿಂದ, ಎರಡನೆಯ ಸಲ ನಗುತ್ತ. ಮನೆಯೊಡತಿ ಬಂದು, ಹೊಡೆದದ್ದು ಸಾಕು, ಈಗ ಊಟ ಎಂದು ಅವಳನ್ನು ಗಂಡನ ಪಕ್ಕ ಕೂರಿಸಿದಳು. ವ್ಯಾನಿನವರಿಗೂ ಎಲೆಯಗಲದ ರೊಟ್ಟಿ, ಸಾರಿನ ಬಟ್ಟಲು ಬಂದವು. ಆಚೆಮನೆಯವರು ಇನ್ನೊಂದು ಕುರಿಗೆ ಹಗ್ಗ ಹಾಕಿ ತಂದರು. ಇವತ್ತು ಹೊರಡುವುದು ಕನಸಿನ ಮಾತು ಎಂದು ಬುರ್ಮಾಕಾನ್‌ಗೆ ಅರ್ಥವಾಯಿತು.

ಊಟ ಅರ್ಧವಾದಾಗ ಸಾಲ್ಕಿನ್ ಹೊರಗಿನಿಂದ ಓಡಿಬಂದಳು. "ಎರ್ಮೆಕ್ ಇಲ್ಲ. ವ್ಯಾನೂ ಇಲ್ಲ. ನಾವು ಮನೆಗೆ ಹೋಗೋದು ಹೇಗೆ?"

ತಾಲ್ದಿಯ ಜನ ಒಟ್ಟಾಗಿ ಬುರ್ಮಾಕಾನಳ ಕಡೆ ತಿರುಗಿದರು. ಅವಳ ಅಂಗಳದಲ್ಲಿ ಆದದ್ದು ಅವರಿಗಿನ್ನೂ ತಿಳಿದಿರಲಿಲ್ಲ. ತಿಳಿದವರು ತಟ್ಟೆ ನೋಡುತ್ತ ಕುಳಿತರು. ಮನೆಯ ಹಿರಿಯ ಏಪ್ರಿಕಾಟ್ ಬೀಜಗಳನ್ನು ಮರ್ಯಾದೆಯಿಂದ ಅವಳ ಮುಂದೆ ಸರಿಸಿ, "ಅಕ್ಕ, ನೀವೇ ಬಂದಿದೀರಿ. ಸ್ವಲ್ಪ ನೋಡಿ ಹೇಳಿ" ಎಂದ.

ಬುರ್ಮಾಕಾನ್ ಬೀಜಗಳನ್ನು ಕೈಗೆ ತೆಗೆದುಕೊಂಡಳು. ಹತ್ತಿರ ನೀರಿದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಪಕ್ಕದಲ್ಲಿ ಅಸಾನ್‌ಕುಲ್ ಅಗಿಯುವುದನ್ನು ನಿಲ್ಲಿಸಿದ್ದ. ಅವಳು ಒಂದು ಬೀಜವನ್ನು ಹಲ್ಲಿನಿಂದ ಕಟ್ಟೆಂದು ಒಡೆದು, ಒಳಗಿನ ತಿರುಳನ್ನು ಬಾಯಿಗೆ ಹಾಕಿಕೊಂಡು, ಎದ್ದು ಬಾಗಿಲಿಗೆ ಹೋಗಿ ಬೀದಿಗೆ ಕೇಳುವಂತೆ ಕೂಗಿದಳು:

"ಏ, ನಮ್ಮ ವ್ಯಾನಿನ ಎರ್ಮೆಕ್‌ನ ಯಾರಾದ್ರೂ ನೋಡಿದ್ರೇನ್ರೋ?"

ಮೂರು ಮನೆಗಳಿಂದ ಒಟ್ಟಿಗೇ "ಸುಯುಂಚು" ಎಂಬ ಕೂಗು ಎದ್ದಿತು.